ಓಟಿಜಿ ಬಹಳ ವರ್ಷ ಬಾಳಬೇಕಾದ್ರೆ

ಮೊದಲು ಪ್ಲಗ್ ನೋಡಿ. ಬಹಳಷ್ಟು ಓಟಿಜಿಗಳು (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗೋ ಪುಟ್ಟ ಕರೆಂಟ್ ಒಲೆ) 1200ರಿಂದ 2000 ವ್ಯಾಟ್ ಎಳೆಯುತ್ತವೆ, ಅದಕ್ಕೆ 16 ಆಂಪಿಯರ್ ಸಾಕೆಟ್ಟೇ ಸರಿ, ಮೊಬೈಲ್ ಚಾರ್ಜ್ ಮಾಡೋ ಎಕ್ಸ್‌ಟೆನ್ಶನ್ ಬಾಕ್ಸಿಗೆ ದಯವಿಟ್ಟು ಸಿಕ್ಕಿಸಬೇಡಿ. ಗೋಡೆಯಿಂದ ಗೇಣು ದೂರ ಇಡಿ. ಕಲಬುರಗಿಯ ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ಇರುತ್ತೆ, ಅಡುಗೆಮನೆ ಇನ್ನಷ್ಟು ಕಾಯೋದು ಬೇಡ ಅಲ್ವಾ, ಬೆಳಗ್ಗೆ ಬೇಗ ಮುಗಿಸಿಬಿಡಿ.

ಇನ್ನು ಸ್ವಚ್ಛತೆ. ಓಟಿಜಿ ಹಾಳಾಗೋದು ಜಾಸ್ತಿ ಇಲ್ಲೇ. ಶೇಂಗಾ ಹುರಿದಾಗ ಕೆಂಪು ಸಿಪ್ಪೆ ಹಾರಿ ಕೆಳಗಿನ ರಾಡ್ ಸಂದಿಯಲ್ಲಿ ಕೂರುತ್ತೆ, ಮುಂದಿನ ಸಲ ಕೇಕ್ ಇಟ್ಟರೆ ಅದು ಸುಟ್ಟು ಹೊಗೆ ಬರುತ್ತೆ. ಪ್ರತಿ ಸಲವೂ, ಪ್ಲಗ್ ತೆಗೆದು, ಪೂರ್ತಿ ಆರಿದ ಮೇಲೆ ಕೆಳಗಿನ ಟ್ರೇ ಝಾಡಿಸಿ. ರಾಡಿಗೆ ನೀರು, ಸ್ಪ್ರೇ ಯಾವುದೂ ಬೇಡ, ಒಣ ಬಟ್ಟೆ ಸಾಕು. ಗಾಜಿನ ಜಿಡ್ಡಿಗೆ ಅಡುಗೆ ಸೋಡಾ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಒರೆಸಿ. ಬಿಸಿ ಗಾಜಿಗೆ ತಣ್ಣೀರು ತಾಗಿದರೆ ಸೀಳುತ್ತೆ, ಹುಷಾರು.

ಡಯಲ್ ತೋರಿಸೋ ಡಿಗ್ರಿಯನ್ನು ಪೂರ್ತಿ ನಂಬಬೇಡಿ, ಒಂದು ಓವನ್ ಥರ್ಮಾಮೀಟರ್ ಒಳಗಿಟ್ಟು ನೋಡಿಕೊಳ್ಳಿ. ಮೆತ್ತಗಾದ ಖಡಕ್ ರೊಟ್ಟಿ 150ರಲ್ಲಿ ಮೂರ್ನಾಲ್ಕು ನಿಮಿಷಕ್ಕೆ ಮತ್ತೆ ಕಟಕಟ ಅನ್ನುತ್ತೆ.