ಗುಳಿಗನಿಗೂ ಗುಳಿಗೆಗೂ ಜಗಳವಿಲ್ಲ

ಶಿಬಿರ ಮಾಡಿದರೆ ಜನ ಬರುತ್ತಾರೆ ಎಂದು ನಂಬಿ ಆಶಾ ಕಾರ್ಯಕರ್ತೆಯಾದ ನಾನು ಕಳೆದುಕೊಂಡದ್ದು ಸುಮಾರು 1,400 ರೂಪಾಯಿ. ಐವತ್ತು ಜನರಿಗೆ ಚಹಾ, ಗೋಳಿಬಜೆ, ಕುರ್ಚಿಯ ಬಾಡಿಗೆ. ‘ಮಾನಸಿಕ ಆರೋಗ್ಯ ಶಿಬಿರ’ ಎಂಬ ಬ್ಯಾನರ್ ಬೇರೆ. ಬಂದವರು ಇಬ್ಬರು: ಕನ್ನಡಕ ಕೊಡುತ್ತಾರೆಂದು ತಿಳಿದ ಒಬ್ಬರು, ಬ್ಯಾನರ್ ಕಟ್ಟಿದವರು ಇನ್ನೊಬ್ಬರು. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಆಸುಪಾಸಿನಲ್ಲಿ ಶಿಬಿರವೆಂದರೆ ಮೊದಲೇ ಬೇಸರ. 2000ದವರೆಗೆ ಹೆಲಿಕಾಪ್ಟರಿನಿಂದ ಗೇರುತೋಟಗಳಿಗೆ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳಿವು. ಆಮೇಲೆ ಎಷ್ಟು ಸಲ ಸಾಲಿನಲ್ಲಿ ನಿಂತು ಹೆಸರು ಬರೆಸಿದ್ದೇವೋ ಲೆಕ್ಕವಿಲ್ಲ.

ಮನಸ್ಸು ಕುಗ್ಗಿದವರನ್ನು ಗುರುತಿಸಲು ಒಂಬತ್ತು ಪ್ರಶ್ನೆಗಳ ಹಾಳೆಯೊಂದಿದೆ. ನನ್ನ ಕೈಗೆ ಬಂದದ್ದು ಮಲಯಾಳದ್ದು. ಕನ್ನಡಕ್ಕೆ ನಾನೇ ಇಳಿಸಿ ‘ಖಿನ್ನತೆ’ ಎಂದು ಗಂಭೀರವಾಗಿ ಬರೆದುಕೊಂಡೆ. ಅದು ಅಡಿಕೆಗೆ ಬರುವ ರೋಗವೇ ಎಂದು ಒಬ್ಬ ಅಜ್ಜಿ ಕೇಳಿದರು. ಇನ್ನೊಂದು ಮನೆಯಲ್ಲಿ ‘ಮಾನಸಿಕ’ ಎಂಬ ಶಬ್ದ ಬಾಯಿಯಿಂದ ಬಿದ್ದದ್ದೇ ತಡ, ಅತ್ತೆ ಹೊರಗೆ ಬಂದರು: “ನಮ್ಮಲ್ಲಿ ಮರುಳು ಹಿಡಿದವರು ಯಾರೂ ಇಲ್ಲ. ಮಗಳಿಗೆ ಸಂಬಂಧ ನೋಡುತ್ತಿದ್ದೇವೆ, ಇನ್ನು ಈ ಕಡೆ ಬರಬೇಡಿ.” ಮೂರು ತಿಂಗಳು ಆ ಅಂಗಳಕ್ಕೆ ಕಾಲಿಡಲಾಗಲಿಲ್ಲ.

ಹಾಳೆಯನ್ನು ಚೀಲದೊಳಗಿಟ್ಟೆ. ಬಿ.ಪಿ. ನೋಡಲು ಕೈಗೆ ಪಟ್ಟಿ ಸುತ್ತುವಾಗ, “ರಾತ್ರಿ ನಿದ್ರೆ ಬರುತ್ತದೆಯೇ? ಮಂಡೆಬೆಚ್ಚ ಎಷ್ಟು ದಿನದಿಂದ?” ಎಂದಷ್ಟೇ ಕೇಳತೊಡಗಿದೆ. ಮಂಡೆಬೆಚ್ಚ, ಅಂದರೆ ಚಿಂತೆ, ತಲೆಬಿಸಿ, ನಮ್ಮಲ್ಲಿ ಎಲ್ಲರಿಗೂ ಇದೆ, ಅದರಿಂದ ಯಾರ ಮದುವೆಯೂ ಮುರಿದಿಲ್ಲ. ನಿದ್ರೆಯ ಹಿಂದೆಯೇ ಹಸಿವು, ಸುಸ್ತು, ಬೇಸರ ಎಲ್ಲ ಬರುತ್ತವೆ. ಯಾಕೆ ಕೇಳಿದೆನೆಂದು ಕೊನೆಗೆ ಹೇಳಿಬಿಡುತ್ತೇನೆ. ಒಂಬತ್ತನೆಯದು, ಸಾಯುವ ಯೋಚನೆಯದು, ಅದನ್ನು ಮಾತ್ರ ಸುತ್ತಿ ಬಳಸದೆ ನೇರವಾಗಿ ಕೇಳುತ್ತೇನೆ. ಹೌದೆಂದರೆ ಅದೇ ದಿನ ಆಟೊ ಹಿಡಿಯುತ್ತೇನೆ. ಅತ್ತೆಯಂದಿರನ್ನು ಆ ಹೊತ್ತಿಗೆ ಒಳಗೆ ಕಳುಹಿಸುವ ಉಪಾಯ ಒಂದಿದೆ, ಇಲ್ಲಿ ಬರೆಯುವುದಿಲ್ಲ. ಅವರೂ ಓದುತ್ತಾರೆ.

ಹೀಗೆ ಕೇಳಿದರೆ ಅಂಕಕ್ಕೆ ಬೆಲೆಯಿಲ್ಲ ಎಂದು ಸಭೆಯಲ್ಲಿ ಹಿರಿಯ ನರ್ಸ್ ಒಬ್ಬರು ನಕ್ಕರು. ಆ ಹಾಳೆಯ 27 ಅಂಕಗಳಲ್ಲಿ 10 ದಾಟಿದವರನ್ನು ಡಾಕ್ಟರರು ತಾವೇ ಮತ್ತೊಮ್ಮೆ ಕೇಳಿ ನೋಡಿದರು. ಹತ್ತರಲ್ಲಿ ಎಂಟು ಮಂದಿಗೆ ಚಿಕಿತ್ಸೆ ಬೇಕೆಂದರು. ಈಗ ಆ ನರ್ಸ್ ನಾನು ಅಂಕ ಬರೆದಿಡುವ ಪುಸ್ತಕ ಕೇಳಿ ಪಡೆಯುತ್ತಾರೆ.

ಕರೆದೊಯ್ಯುವುದು ಇನ್ನೊಂದು ತಾಪತ್ರಯ. ಕ್ಲಿನಿಕ್ಕಿನ ದಿನ ಆ ಬಸ್ಸು ಹತ್ತಿದವರನ್ನೆಲ್ಲ ಊರು ಗುರುತಿಟ್ಟುಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರನ್ನೂ ಸೇರಿಸಿ ಮೂವರಿಗೆ ಒಂದು ಆಟೊ ಮಾಡಿದೆ. ಹೋಗಿಬರಲು 350, 400. ಯಾರು ಯಾವುದಕ್ಕೆ ಹೋದರೆಂದು ಚಾಲಕನಿಗೂ ತಿಳಿಯದು. ಮೊದಲ ವರ್ಷ ಕೈಯಿಂದ ಹೋದದ್ದು ಐದಾರು ಸಾವಿರ, ತಿಂಗಳ ಗೌರವಧನ 7,000 ಇದ್ದಾಗ. ಲೆಕ್ಕ ಬರೆದು ಕೊಟ್ಟಿದ್ದೇನೆ, ಹಣ ಇನ್ನೂ ಬಂದಿಲ್ಲ.

ಗುಳಿಗೆ ಸಿಕ್ಕಿದವರಲ್ಲಿ ಅರ್ಧದಷ್ಟು ಮಂದಿ ಐದನೆಯ ದಿನಕ್ಕೇ ನಿಲ್ಲಿಸಿದರು. ಹೊಟ್ಟೆ ತೊಳಸುತ್ತದೆ, ಗುಣ ಕಾಣುವುದಿಲ್ಲ. ಗುಣ ಕಾಣಲು ಎರಡು, ಮೂರು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕೆಂದು ನಾನೇ ಸರಿಯಾಗಿ ಹೇಳಿರಲಿಲ್ಲ. “ಅಡಿಕೆಗೆ ಒಮ್ಮೆ ಮದ್ದು ಸಿಂಪಡಿಸಿ ಸುಮ್ಮನಾದರೆ ಕೊಳೆರೋಗ ನಿಲ್ಲುತ್ತದೆಯೇ?” ಎಂದು ನಾನು ಕೇಳಿದ ಮೇಲೆ ಅವರಿಗೆ ಅರ್ಥವಾಯಿತು. ಜೋಯಿಸರಲ್ಲಿ ಪ್ರಶ್ನೆ ಇಡಿಸುವವರನ್ನು, ನೂಲು ಕಟ್ಟಿಸುವವರನ್ನು ತಡೆಯಲಿಲ್ಲ. ನಮ್ಮ ದೈವ ಗುಳಿಗನಿಗೆ ಹರಕೆ ಹೇಳಿ, ಗುಳಿಗೆಯನ್ನೂ ನುಂಗಿ ಎಂದೆ. ಅದಕ್ಕೂ ಒಪ್ಪದವರಿಗೆ ನನ್ನದೇ ಹಳೆಯ ಚೀಟಿ ತೋರಿಸಿದೆ. ಎರಡನೆಯ ಹೆರಿಗೆಯ ಬಳಿಕ ಒಂಬತ್ತು ತಿಂಗಳು ನಾನು ನುಂಗಿದ್ದೇನೆ, ಹಾರ್ಲಿಕ್ಸ್ ಬಾಟಲಿಯಲ್ಲಿ ಬಚ್ಚಿಟ್ಟುಕೊಂಡು. ಇದನ್ನು ಹೇಳಿದರೆ ನಿನ್ನ ಮಾತು ಯಾರೂ ಕೇಳುವುದಿಲ್ಲ ಎಂದು ಜೊತೆಯವರು ಎಚ್ಚರಿಸಿದ್ದರು. ಚೀಟಿ ಮೂರು ಮನೆ ಸುತ್ತಿ ಅರಸಿನದ ಕಲೆಯೊಂದಿಗೆ ವಾಪಸು ಬಂತು.

ನಡುವೆ ತಾಳಮದ್ದಳೆಯನ್ನೂ ಪ್ರಯತ್ನಿಸಿದೆ. ರಥದಲ್ಲಿ ಬಿಲ್ಲು ಕೆಳಗಿಟ್ಟು ಕುಳಿತ ಅರ್ಜುನನ ಮಂಡೆಬೆಚ್ಚವನ್ನು ಅರ್ಥಧಾರಿಗಳು ಒಂದೂವರೆ ಗಂಟೆ ಎಳೆದರು. ಜನ ಮೆಚ್ಚಿದರು. ಕ್ಲಿನಿಕ್ಕಿಗೆ ಒಬ್ಬರೂ ಬರಲಿಲ್ಲ. 3,000 ರೂಪಾಯಿ ಅಲ್ಲಿಗೆ ಹೋಯಿತು.

ಎರಡು ವರ್ಷಗಳಲ್ಲಿ 40ರಷ್ಟು ಮಂದಿ ಚಿಕಿತ್ಸೆಗೆ ಬಂದಿದ್ದಾರೆ, 26 ಅಥವಾ 27 ಮಂದಿ ಬಿಡದೆ ಮುಂದುವರಿಸಿದ್ದಾರೆ. ಗಂಡಸರು ನಾಲ್ಕೇ ಮಂದಿ. ಗಂಡಸರಿಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಡುತ್ತೇನೆ. ರಾತ್ರಿಯೂ ಎತ್ತುತ್ತಾರೆ, ಖರ್ಚಿಲ್ಲ. ಕರೆ ಮಾಡಿದರೋ ಇಲ್ಲವೋ ಯಾರೂ ಹೇಳುವುದಿಲ್ಲ. ಈ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಸಿಂಪಡಿಸುವವರು ಮಳೆ ಬಿಡಲೆಂದು ಜಗಲಿಯಲ್ಲಿ ಕಾಯುವ ಹೊತ್ತಿಗೆ ಬಿ.ಪಿ. ಯಂತ್ರ ಹಿಡಿದು ಹೋಗಬೇಕೆಂದಿದ್ದೇನೆ.