ಮುಳ್ಳು 15ರಲ್ಲೇ ಇತ್ತು, ಒಳಗೆ ಗಾಳಿಯೂ ಇತ್ತು

ಬೆಳಿಗ್ಗೆ ನೋಡಿದರೆ ಪರೀಕ್ಷೆಗೆ ಇಟ್ಟ ಟ್ಯೂಬಿನಲ್ಲಿದ್ದ ನೇರಳೆ ನೀರು ಹಳದಿಗೆ ತಿರುಗಿತ್ತು. ನಮ್ಮ ಕೆಲಸದಲ್ಲಿ ಹಳದಿ ಎಂದರೆ ಒಂದೇ ಅರ್ಥ. ಆಟೋಕ್ಲೇವ್, ಅಂದರೆ ಹಬೆಯಿಂದ ಸೂಕ್ಷ್ಮಾಣು ಕೊಲ್ಲುವ ಯಂತ್ರದಲ್ಲಿ ಬೆಂದು ಬಂದ ಮೇಲೂ ಬ್ಯಾಕ್ಟೀರಿಯಾ ಬದುಕಿದೆ.

ಆಗ ನಾನು ಬೆಂಗಳೂರಿನ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಆಪರೇಷನ್ ಥಿಯೇಟರಿಗೆ (ಒ.ಟಿ.) ಬೇಕಾದ ಕತ್ತರಿ, ಫೋರ್ಸೆಪ್ಸ್ ಎಂಬ ಚಿಮಟ, ಗಾಜ್ ಪಟ್ಟಿ, ಬಟ್ಟೆ ಎಲ್ಲ ತೊಳೆದು, ಕಟ್ಟಿ, ಹಬೆಗೆ ಹಾಕುವುದು ನನ್ನ ಪಾಲು. ಅಲ್ಲಿದ್ದದ್ದು ನೆಟ್ಟಗೆ ನಿಲ್ಲುವ ಮಾದರಿಯ ಆಟೋಕ್ಲೇವ್. ನೋಡಲು ದೊಡ್ಡ ಕುಕ್ಕರಿನಂತೆಯೇ. ತಳದಲ್ಲಿ ನೀರು, ನೀರಿನೊಳಗೆ ಬಿಸಿ ಮಾಡುವ ಕಾಯಿಲ್, ಮೇಲೆ ತಿರುಗಿಸಿ ಬಿಗಿ ಮಾಡುವ ಮುಚ್ಚಳ, ಮುಚ್ಚಳದ ಮೇಲೆ ಒತ್ತಡ ತೋರಿಸುವ ಗೇಜ್, ಗಾಳಿ ಬಿಡುವ ವಾಲ್ವ್, ಸೇಫ್ಟಿ ವಾಲ್ವ್.

ಹಿಂದಿನ ದಿನ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೆ ಎಂದು ನಂಬಿದ್ದೆ. ಗೇಜಿನ ಮುಳ್ಳು 15 ಪೌಂಡ್ ಒತ್ತಡಕ್ಕೆ ಬಂದ ಮೇಲೆ ಗಡಿಯಾರ ನೋಡಿ 20 ನಿಮಿಷ ಬಿಟ್ಟಿದ್ದೆ. ಸಾಮಾನು ತುಂಬಿದ ಡ್ರಮ್ಮಿಗೆ ಅಂಟಿಸಿದ್ದ, ಹಬೆಯಲ್ಲಿ ಬಣ್ಣ ಬದಲಿಸುವ ಟೇಪಿನ ಗೆರೆ ಕಪ್ಪಾಗಿತ್ತು. ಮತ್ತೆ ತಪ್ಪಿದ್ದು ಎಲ್ಲಿ?

ಹಿರಿಯ ಸಿಸ್ಟರ್ ಬೈಯಲಿಲ್ಲ. "ಗಾಳಿ ಬಿಟ್ಯಾ?" ಎಂದು ಕೇಳಿದರು.

"ಬಿಟ್ಟೆ ಸಿಸ್ಟರ್."

"ಎಷ್ಟು ಹೊತ್ತು ಬಿಟ್ಟೆ ಕಣಮ್ಮಾ?"

ಅಲ್ಲಿ ಸಿಕ್ಕಿಬಿದ್ದೆ. ವಾಲ್ವಿನಿಂದ ಹಬೆ ಬುಸ್ ಎಂದು ಮೊದಲ ಸಲ ಬಂದ ಕೂಡಲೇ ಮುಚ್ಚಿದ್ದೆ. ಆಮೇಲೆ ಅವರು ಡ್ರಮ್ ತಿರುಗಿಸಿ ತೋರಿಸಿದರು. ಅದರ ಪಕ್ಕದ ತೂತುಗಳ ಪಟ್ಟಿ ಅರ್ಧ ಸರಿದು, ಹಬೆ ಒಳಗೆ ಹೋಗುವ ತೂತುಗಳು ಅರ್ಧ ಮುಚ್ಚಿಕೊಂಡಿದ್ದವು. ಪುಣ್ಯಕ್ಕೆ ಆ ಲೋಡಿನ ಒಂದು ಸೆಟ್ ಕೂಡ ಒ.ಟಿ.ಗೆ ಹೋಗಿರಲಿಲ್ಲ. ರಿಸಲ್ಟ್ ಬರುವವರೆಗೆ ಕಪಾಟಿನಲ್ಲೇ ಇಡಬೇಕು ಅನ್ನುವುದು ಸಿಸ್ಟರ್ ಮಾಡಿದ್ದ ನಿಯಮ. ಎಲ್ಲ ಬಿಚ್ಚಿ, ಮೊದಲಿನಿಂದ ಕಟ್ಟಿದೆವು.

ಅವತ್ತು ಅವರು ಹೇಳಿಕೊಟ್ಟದ್ದನ್ನೇ ಇವತ್ತಿಗೂ ಹೊಸಬರಿಗೆ ಹೇಳುತ್ತೇನೆ. ಸೂಕ್ಷ್ಮಾಣುಗಳನ್ನು ಕೊಲ್ಲುವುದು ಒತ್ತಡ ಅಲ್ಲ, ಹಬೆ. ಒತ್ತಡ ಇರುವುದು ಹಬೆಯನ್ನು 100 ಡಿಗ್ರಿಗಿಂತ ಮೇಲೆ ಏರಿಸುವುದಕ್ಕೆ ಮಾತ್ರ.

ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈಗೆ ಹಬೆ ಬಡಿದರೆ ಚುರ್ ಅನ್ನುತ್ತದೆ ಅಲ್ವಾ? ಅದಕ್ಕಿಂತ ಎಷ್ಟೋ ಬಿಸಿ ಇರುವ ಓವನ್ನಿನೊಳಗೆ ಕ್ಷಣ ಕೈ ಹಾಕಿ ತೆಗೆದರೆ ಅಷ್ಟು ಸುಡುವುದಿಲ್ಲ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕ್ಯಾಲೊರಿ ಸಾಕು. ಕುದಿಯುವ ಅದೇ ನೀರು ಹಬೆಯಾಗಲು ಸುಮಾರು 540 ಕ್ಯಾಲೊರಿ ನುಂಗುತ್ತದೆ. ಆ ಹಬೆ ತಣ್ಣನೆಯ ಕತ್ತರಿಗೆ ತಾಗಿ ಮತ್ತೆ ನೀರಾದಾಗ ನುಂಗಿದ್ದನ್ನೆಲ್ಲ ಅಲ್ಲೇ ಇಳಿಸುತ್ತದೆ. ಜೊತೆಗೆ ತೇವವೂ ಸಿಗುತ್ತದೆ. ತೇವ ಇದ್ದರೆ ಬ್ಯಾಕ್ಟೀರಿಯಾದ ಪ್ರೋಟೀನು ಮೊಟ್ಟೆಯ ಬಿಳಿಯಂತೆ ಬೇಗ ಗಟ್ಟಿಯಾಗುತ್ತದೆ. ಒಣ ಬಿಸಿಯಲ್ಲಿ 160 ಡಿಗ್ರಿಗೆ ಎರಡು ಗಂಟೆ ಬೇಕಾಗುವ ಕೆಲಸ ಹಬೆಯಲ್ಲಿ 121 ಡಿಗ್ರಿಗೆ 15 ನಿಮಿಷದಲ್ಲಿ ಮುಗಿಯುವುದು ಇದಕ್ಕೇ. ಬಟ್ಟೆ ಕಟ್ಟಿದ ದಪ್ಪ ಪ್ಯಾಕಿಗೆ ನಾವು ಇನ್ನೂ ಜಾಸ್ತಿ ಹೊತ್ತು ಕೊಡುತ್ತೇವೆ.

ಆದರೆ ಹಬೆ ತಾಗಿದರೆ ತಾನೇ ಇದೆಲ್ಲ? ಗಾಳಿ ಒಳಗೆ ಉಳಿದರೆ ಅದು ಹಬೆಗೆ ಅಡ್ಡ ನಿಲ್ಲುತ್ತದೆ. ಗೇಜಿಗೆ ಗಾಳಿ ಯಾವುದು, ಹಬೆ ಯಾವುದು ಗೊತ್ತಾಗುವುದಿಲ್ಲ. ಎರಡೂ ಸೇರಿ ತಳ್ಳಿದ್ದನ್ನು ತೋರಿಸುತ್ತದೆ ಅಷ್ಟೆ. ಗಾಳಿ ಪೂರ್ತಿ ಹೋಗಿದ್ದರೆ 15 ಪೌಂಡಿಗೆ 121 ಡಿಗ್ರಿ. ಅರ್ಧ ಗಾಳಿ ಉಳಿದಿದ್ದರೆ ಅದೇ 15 ಪೌಂಡಿಗೆ 112ರ ಹತ್ತಿರ. ಅದಕ್ಕೇ ಆ ದಿನದ ನಂತರ, ವಾಲ್ವಿನಿಂದ ಹಬೆ ಬಿಟ್ಟು ಬಿಟ್ಟು ಬರುವುದು ನಿಂತು, ಒಂದೇ ಸಮ ಜೋರಾಗಿ ಬರಲು ಶುರುವಾದ ಮೇಲೂ ನಾನು ಏಳೆಂಟು ನಿಮಿಷ ಕಾಯುತ್ತಿದ್ದೆ. ಆಮೇಲೆ ಮುಚ್ಚುವುದು. ಗಾಳಿ ಹಬೆಗಿಂತ ಭಾರ. ಹಾಗಾಗಿ ಬಟ್ಟಲು, ಕಿಡ್ನಿ ಟ್ರೇಗಳನ್ನು ನೆಟ್ಟಗೆ ಇಡಬಾರದು. ತಳದಲ್ಲಿ ಗಾಳಿ ಕೂತುಬಿಡುತ್ತದೆ. ಪಕ್ಕಕ್ಕೆ ಓರೆಯಾಗಿ ಇಡಬೇಕು. ಕತ್ತರಿ, ಆರ್ಟರಿ ಫೋರ್ಸೆಪ್ಸ್‌ಗಳ ಬಾಯಿ ತೆರೆದೇ ಇರಬೇಕು.

ನಮ್ಮ ಊರಿನದೇ ಇನ್ನೊಂದು ಲೆಕ್ಕ ಇದೆ, ಇದನ್ನು ಯಾವ ಮೆಷಿನ್ ಮಾರುವವರೂ ನನಗೆ ಹೇಳಿರಲಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಗೆ. ಗೇಜ್ ತೋರಿಸುವುದು ಹೊರಗಿನ ಗಾಳಿಯ ಒತ್ತಡಕ್ಕಿಂತ ಒಳಗೆ ಎಷ್ಟು ಜಾಸ್ತಿ ಇದೆ ಅನ್ನುವುದನ್ನು. ಇಲ್ಲಿ ಹೊರಗಿನ ಒತ್ತಡವೇ ಕಮ್ಮಿ. ಹಾಗಾಗಿ ಮಂಗಳೂರಿನಲ್ಲಿ 15 ಪೌಂಡಿಗೆ 121 ಸಿಕ್ಕರೆ ಇಲ್ಲಿ ಸಿಗುವುದು 119ರ ಆಸುಪಾಸು. 121 ಬೇಕೆಂದರೆ ಮುಳ್ಳು 16 ದಾಟಿ 17ರ ಹತ್ತಿರ ಬರಬೇಕು. ಎರಡು ಡಿಗ್ರಿ ತಾನೇ ಅನ್ನಬೇಡಿ. ನಾವು ಲೆಕ್ಕ ಹಾಕುವ ನಿಮಿಷಗಳೆಲ್ಲ 121 ಡಿಗ್ರಿಯದು. ಥರ್ಮಾಮೀಟರ್ ಇರುವ ಮೆಷಿನ್ ಆದರೆ ಪೌಂಡ್ ಬಿಟ್ಟು ಡಿಗ್ರಿ ನೋಡಿ.

ಈಗ ನಾನಿರುವುದು ದೊಡ್ಡ ಆಸ್ಪತ್ರೆಯ ಸಿ.ಎಸ್.ಎಸ್.ಡಿ.ಯಲ್ಲಿ, ಅಂದರೆ ಇಡೀ ಆಸ್ಪತ್ರೆಯ ಉಪಕರಣಗಳನ್ನು ಸೂಕ್ಷ್ಮಾಣುರಹಿತ ಮಾಡಿ ಕೊಡುವ ವಿಭಾಗದಲ್ಲಿ. ಇಲ್ಲಿನ ಮೆಷಿನ್ನಿಗೆ ವ್ಯಾಕ್ಯೂಮ್ ಪಂಪ್ ಇದೆ. ಗಾಳಿ ಎಳೆದು, ಹಬೆ ತುಂಬಿ, ಮತ್ತೆ ಎಳೆದು, ಹೀಗೆ ಮೂರು ನಾಲ್ಕು ಸಲ ಮಾಡುತ್ತದೆ. ಆಮೇಲೆ 134 ಡಿಗ್ರಿಗೆ ಮೂರೂವರೆ, ನಾಲ್ಕು ನಿಮಿಷ ಸಾಕು. ಹಾಗೆಂದು ಪಂಪನ್ನು ಸುಮ್ನೆ ನಂಬುವುದಿಲ್ಲ. ದಿನಾ ಬೆಳಿಗ್ಗೆ ಮೆಷಿನ್ ಬಿಸಿಯಾದ ಮೇಲೆ, ಲೋಡ್ ಹಾಕುವ ಮೊದಲು, ಗಾಳಿ ಪೂರ್ತಿ ಹೋಯಿತೇ ಎಂದು ನೋಡುವ ಬೋವಿ-ಡಿಕ್ ಪ್ಯಾಕ್ ಒಂದನ್ನೇ ಇಟ್ಟು ಓಡಿಸುತ್ತೇವೆ. 1963ರಿಂದ ಬಳಕೆಯಲ್ಲಿರುವ ಪರೀಕ್ಷೆ ಅದು. ಪ್ಯಾಕಿನ ನಡುವೆ ಇರುವ ಹಾಳೆ ಅಂಚಿನಿಂದ ನಡುವಿನವರೆಗೆ ಒಂದೇ ಸಮ ಬಣ್ಣ ತಿರುಗಬೇಕು. ನಡುವೆ ಮಾಸಲಾಗಿ ಉಳಿದರೆ ಅಲ್ಲಿ ಗಾಳಿ ಇತ್ತು ಎಂದೇ ಲೆಕ್ಕ. ಮೆಷಿನ್ ನಿಲ್ಲಿಸಿ ಬಾಗಿಲಿನ ಗ್ಯಾಸ್ಕೆಟ್ ನೋಡುತ್ತೇವೆ, ಎಂಜಿನಿಯರ್‌ಗೆ ಫೋನ್ ಮಾಡುತ್ತೇವೆ.

ಟೇಪಿನ ವಿಷಯದಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ, ನಾನೂ ಹೋಗಿದ್ದೆ. ಟೇಪಿನ ಗೆರೆ ಕಪ್ಪಾದರೆ ಪ್ಯಾಕು ಮೆಷಿನ್ನಿನೊಳಗೆ ಹೋಗಿ ಬಂದಿದೆ ಎಂದು ಮಾತ್ರ ಅರ್ಥ. ಒಳಗಿನ ಮಡಿಕೆಗೆ ಹಬೆ ಹೋಯಿತೇ ಎಂದು ತಿಳಿಯಲು ಪ್ಯಾಕಿನ ಮಧ್ಯದಲ್ಲೇ ಬಣ್ಣ ಬದಲಿಸುವ ಇಂಡಿಕೇಟರ್ ಪಟ್ಟಿ ಇಡಬೇಕು. ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ ಸ್ಪೋರಿನದು, ಅಂದರೆ ಬ್ಯಾಕ್ಟೀರಿಯಾ ಗಟ್ಟಿ ಕವಚದೊಳಗೆ ಅಡಗಿ ಕೂತ ರೂಪದ್ದು. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾದ ಸ್ಪೋರುಗಳು ಹಬೆಗೆ ಸುಲಭವಾಗಿ ಬಗ್ಗುವುದಿಲ್ಲ. ಅವೇ ಸತ್ತಿದ್ದರೆ ಮಿಕ್ಕವು ಉಳಿದಿರುವುದಿಲ್ಲ. ಆ ದಿನ ಹಳದಿಗೆ ತಿರುಗಿದ್ದು ಇದರದೇ ಟ್ಯೂಬು.

1879ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಜೊತೆಗಿದ್ದ ಚಾರ್ಲ್ಸ್ ಶಾಂಬರ್ಲಾಂ ಈ ಆಟೋಕ್ಲೇವ್ ಯಂತ್ರವನ್ನು ರೂಪಿಸಿದರು. ಈಗ ಹಲ್ಲಿನ ಕ್ಲಿನಿಕ್ಕಿನಲ್ಲಿ ಮೇಜಿನ ಮೇಲೆ ಇಡುವಷ್ಟು ಚಿಕ್ಕದೂ ಇದೆ. ಲ್ಯಾಬುಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಮೀಡಿಯಾಗೆ, ಬಾಳೆಯ ಟಿಶ್ಯೂ ಕಲ್ಚರ್ ಮಾಡುವವರಿಗೆ, ಅಣಬೆ ಬೀಜ ತಯಾರಿಸುವವರಿಗೆ, ಔಷಧಿ ಕಾರ್ಖಾನೆಗಳಿಗೆ, ಆಸ್ಪತ್ರೆಯ ಕಸವನ್ನು ಹೊರಗೆ ಕಳಿಸುವ ಮುಂಚೆ ನಿರಪಾಯ ಮಾಡುವುದಕ್ಕೆ, ಎಲ್ಲಕ್ಕೂ ಇದೇ. ಬಾಟಲಿಯಲ್ಲಿ ದ್ರವ ಇಡುವವರು ಮುಚ್ಚಳ ಸಡಿಲ ಬಿಡಬೇಕು, ಹಬೆಯನ್ನು ನಿಧಾನವಾಗಿ ಇಳಿಸಬೇಕು. ಇಲ್ಲದಿದ್ದರೆ ಉಕ್ಕುತ್ತದೆ, ಬಾಟಲಿ ಒಡೆಯಲೂಬಹುದು. ಎಣ್ಣೆ, ಪೌಡರ್ ಹಬೆಗೆ ಹಾಕಬೇಡಿ. ಅವುಗಳೊಳಗೆ ಹಬೆ ಇಳಿಯುವುದಿಲ್ಲ. ಬಿಸಿ ತಡೆಯದ ಪ್ಲಾಸ್ಟಿಕ್ಕಿಗೆ ಇ.ಟಿ.ಒ. (ಎಥಿಲೀನ್ ಆಕ್ಸೈಡ್) ಗ್ಯಾಸ್ ಇದೆ.

ನೀರಿನ ಬಗ್ಗೆ ಹೇಳಲೇಬೇಕು. ಬೋರ್‌ವೆಲ್ ನೀರು ಹಾಕಿದ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಇನ್‌ಸ್ಟ್ರುಮೆಂಟ್ ಮೇಲೆ ಕಲೆ ಬೀಳುತ್ತದೆ. ಆರ್.ಓ. ನೀರನ್ನೇ ಹಾಕಿ. ಅದಕ್ಕೂ ಮೊದಲು, ತೊಳೆಯುವುದು. ಒಣಗಿದ ರಕ್ತದ ಕೆಳಗೆ ಹಬೆ ಹೋಗುವುದಿಲ್ಲ. ಫೋರ್ಸೆಪ್ಸ್‌ನ ಎರಡು ಕೈ ಸೇರುವ ಕೀಲಿಗೆ, ಅಂದರೆ ಬಾಕ್ಸ್ ಲಾಕ್ ಇರುವ ಜಾಗಕ್ಕೆ ಬ್ರಷ್ ಹಾಕಿ ಉಜ್ಜದೆ ನಾನು ಯಾವ ಸೆಟ್ಟನ್ನೂ ಕಟ್ಟುವುದಿಲ್ಲ.

ಕೊನೆಗೆ ಬಾಗಿಲು. ಮುಳ್ಳು ಸೊನ್ನೆಗೆ ಬರುವವರೆಗೆ ಕೈ ಹಾಕಬಾರದು. ಬಂದ ಮೇಲೂ ಮುಖ ಪಕ್ಕಕ್ಕೆ ತಿರುಗಿಸಿ ಸ್ವಲ್ಪವೇ ತೆರೆದು ಹಬೆ ಹೋಗಲು ಬಿಡುತ್ತೇನೆ. ಬಿಸಿ ಪ್ಯಾಕನ್ನು ತಣ್ಣನೆಯ ಸ್ಟೀಲ್ ಮೇಜಿನ ಮೇಲೆ ಇಟ್ಟರೆ ಅಡಿಯಲ್ಲಿ ನೀರಾಗುತ್ತದೆ. ಆದ್ದರಿಂದ ಜಾಲರಿ ರ‍್ಯಾಕಿನಲ್ಲೇ ಆರಲು ಬಿಡುತ್ತೇವೆ. ಡ್ರಮ್ ಆದರೆ ಹೊರಗೆ ತೆಗೆದ ತಕ್ಷಣ ತೂತು ಮುಚ್ಚುವುದು. ಪ್ಯಾಕ್ ಒದ್ದೆಯಾಗಿ ಬಂದರೆ ಹೊರಗಿನ ಬ್ಯಾಕ್ಟೀರಿಯಾ ಆ ತೇವದ ದಾರಿಯಲ್ಲೇ ಒಳಗೆ ಇಳಿಯುತ್ತದೆ. ಹೋದ ವಾರ ಅಂಥ ಒಂದು ಸೆಟ್ ಬಂತು. ಒ.ಟಿ.ಯಿಂದ ಎರಡು ಸಲ ಫೋನ್ ಬಂತು. ಕೊಡಲಿಲ್ಲ. "ಸರ್, ಇನ್ನೊಂದು ಸೆಟ್ ಕಳಿಸ್ತೀನಿ, ಇದು ಮತ್ತೆ ಹಾಕ್ಬೇಕು" ಎಂದೆ. ಬಿಚ್ಚಿ, ಬಟ್ಟೆ ಬದಲಿಸಿ, ಹೊಸದಾಗಿ ಕಟ್ಟಿ ಮುಂದಿನ ಲೋಡಿಗೆ ಇಟ್ಟೆ.