ಅಪಲಾಚಿಯನ್ ಟ್ರೇಲ್‌ನಲ್ಲಿ ವಾಂತಿ-ಭೇದಿ ಹಬ್ಬಿದಾಗ ನಾವು ಮಾಡಿದ್ದು

ಮಾರ್ಚ್ ಬಂತೆಂದರೆ ಅಮೆರಿಕದ ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಜನ ಸಾಲುಸಾಲಾಗಿ ಉತ್ತರಕ್ಕೆ ಹೊರಡುತ್ತಾರೆ. ಅಪಲಾಚಿಯನ್ ಟ್ರೇಲ್ ಎಂಬ ಈ ಕಾಲುಹಾದಿ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ 14 ರಾಜ್ಯಗಳು, ಸುಮಾರು 3,500 ಕಿಲೋಮೀಟರ್. ಕೊನೆಯವರೆಗೆ ಹೋಗುವವರು ಕಡಿಮೆ. ಆದರೆ ಮೊದಲ ಕೆಲವು ವಾರ ಎಲ್ಲರೂ ಹಿಂದೆಮುಂದೆಯೇ ಇರುತ್ತಾರೆ. ರಾತ್ರಿ ಅದೇ ಮೂರು ಗೋಡೆಯ ಮರದ ಶೆಲ್ಟರ್, ಬೆಳಿಗ್ಗೆ ಅದೇ ಕಕ್ಕಸಿನ ಬಾಗಿಲು. ವಾಂತಿ-ಭೇದಿ ತರುವ ನೊರೊವೈರಸ್‌ಗೆ ಹರಡಲು ಇಷ್ಟು ಸಾಕು.

ನಾನು ಇರುವುದು ಅಟ್ಲಾಂಟಾದಲ್ಲಿ. ರಜೆ ಸಿಕ್ಕಾಗೆಲ್ಲ ಈ ಹಾದಿಯ ಒಂದೊಂದು ತುಂಡು ನಡೆಯುತ್ತೇನೆ. ಯಾರಿಗಾದರೂ ಹೊಟ್ಟೆ ಕೆಟ್ಟರೆ ಇಲ್ಲಿ ಮೊದಲು ಬರುವ ಮಾತು ನೀರಿನದು. "ಫಿಲ್ಟರ್ ಮಾಡಿದ್ಯಾ?" ಅಂತ ಕೇಳುತ್ತಾರೆ. ಹೆಚ್ಚಿನವರ ಹತ್ತಿರ ಇರುವ ಫಿಲ್ಟರ್‌ನ ರಂಧ್ರ 0.1 ಮೈಕ್ರಾನ್, ಅಂದರೆ 100 ನ್ಯಾನೋಮೀಟರ್. ಜಿಯಾರ್ಡಿಯಾ ಎಂಬ ಹೊಟ್ಟೆ ಕೆಡಿಸುವ ಪರೋಪಜೀವಿ, ಬ್ಯಾಕ್ಟೀರಿಯಾ ಅದರಲ್ಲಿ ನಿಲ್ಲುತ್ತವೆ. ನೊರೊವೈರಸ್ 30-40 ನ್ಯಾನೋಮೀಟರ್ ಅಷ್ಟೇ, ಸಲೀಸಾಗಿ ದಾಟಿಬಿಡುತ್ತದೆ. ಹಾಗಾಗಿ ಜನ ಜಾಸ್ತಿ ಇರುವ ಕಡೆ ನಾನು ನೀರನ್ನು ಮರಳಿಸಿಯೇ ಕುಡಿಯುತ್ತೇನೆ. ಒಂದು ನಿಮಿಷ ಕೊತಕೊತ ಕುದಿದರೆ ಸಾಕು.

ಆದರೆ ವೈರಸ್ ಹರಡಲು ನೀರಿಗಿಂತ ದೊಡ್ಡ ದಾರಿ ಕೈ. 2022ರ ಏಪ್ರಿಲ್‌ನಿಂದ ಜೂನ್‌ವರೆಗೆ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ದೋಣಿಯವರು, ನಡೆಯುವವರು ಸೇರಿ 200ಕ್ಕೂ ಹೆಚ್ಚು ಜನರಿಗೆ ವಾಂತಿ-ಭೇದಿ ಆಯಿತು. ಆಗ ದೋಣಿ ಗುಂಪುಗಳು ಜೊತೆಗೆ ಒಯ್ಯುವ ಶೌಚದ ಡಬ್ಬಗಳಲ್ಲೇ ನೊರೊವೈರಸ್ ಸಿಕ್ಕಿತ್ತು. ಅಪಲಾಚಿಯನ್ ಟ್ರೇಲ್‌ನಲ್ಲೂ 1997ರಲ್ಲಿ ನಡೆದವರನ್ನು ಕೇಳಿ ಮಾಡಿದ ಅಧ್ಯಯನವಿದೆ. ಅರ್ಧಕ್ಕಿಂತ ಹೆಚ್ಚು ಜನರಿಗೆ ಭೇದಿ ಆಗಿತ್ತು. ನೀರು ಶುದ್ಧಮಾಡಿ, ತಪ್ಪದೆ ಕೈ ತೊಳೆದು, ಪಾತ್ರೆ ತೊಳೆದವರಿಗೆ ಅದು ಕಡಿಮೆ.

ಎಲ್ಲರ ಬ್ಯಾಗಿನ ಪಟ್ಟಿಗೂ ಒಂದು ಸ್ಯಾನಿಟೈಸರ್ ಬಾಟಲಿ ನೇತಾಡುತ್ತಿರುತ್ತದೆ. ಈ ವೈರಸ್‌ಗೆ ಅದು ನಾಟುವುದೇ ಕಷ್ಟ. ಸೋಪು, ನೀರು, 20 ಸೆಕೆಂಡು ಉಜ್ಜುವುದು, ಇದೇ ದಾರಿ. ಕಾಡಲ್ಲಿ ನಲ್ಲಿ ಎಲ್ಲಿ ಬರಬೇಕು? ನಾನು ಅರ್ಧ ಲೀಟರ್ ಬಾಟಲಿಯ ಮುಚ್ಚಳಕ್ಕೆ ಕಾದ ಸೂಜಿಯಿಂದ ಮೂರ್ನಾಲ್ಕು ತೂತು ಮಾಡಿ, ತಲೆಕೆಳಗಾಗಿ ಕೊಂಬೆಗೆ ಕಟ್ಟುತ್ತೇನೆ. ಮುಚ್ಚಳ ಸ್ವಲ್ಪ ಸಡಿಲಿಸಿದರೆ ನೀರು ಸಣ್ಣಗೆ ಬೀಳುತ್ತದೆ, ಎರಡೂ ಕೈ ಬಿಡುವಾಗಿರುತ್ತವೆ. ತೊರೆಯಿಂದ 60 ಮೀಟರ್ ದೂರದಲ್ಲೇ ಕಟ್ಟುವುದು, ಸೋಪಿನ ನೀರು ತೊರೆಗೆ ಸೇರಬಾರದು. ಮಲ ತೊಳೆಯಲು ಬೇರೆ ಬಾಟಲಿ, ಅದಕ್ಕೆ ಕೆಂಪು ಟೇಪ್. ರಾತ್ರಿ ಸೋಪನ್ನೂ ಊಟದ ಚೀಲದ ಜೊತೆಗೇ ಮೇಲೆ ನೇತುಹಾಕಬೇಕು, ವಾಸನೆಗೆ ಕರಡಿ ಬರುತ್ತದೆ.

ಇನ್ನೊಂದು ವಿಷಯ ಹಂಚಿ ತಿನ್ನುವುದು. ಇಲ್ಲಿನ ನಡಿಗೆಯವರು ಧಾರಾಳಿಗಳು. ಚಿಪ್ಸ್ ಚೀಲ ಮುಂದೆ ಹಿಡಿಯುತ್ತಾರೆ, ಎಲ್ಲರೂ ಕೈ ಹಾಕುತ್ತಾರೆ. ನಾನು ಬೊಗಸೆ ಒಡ್ಡಿ "ಸುರಿಯಿರಿ" ಅನ್ನುತ್ತೇನೆ. ಬಾಟಲಿಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು ನಮಗೆ ಚಿಕ್ಕಂದಿನ ರೂಢಿ, ಅಲ್ವಾ? ಇಲ್ಲಿ ಅದು ತುಂಬಾ ಉಪಯೋಗಕ್ಕೆ ಬರುತ್ತದೆ. ಶೆಲ್ಟರ್‌ನ ನೋಟ್‌ಬುಕ್‌ನಲ್ಲಿ ಹೆಸರು ಬರೆಯಲು ನನ್ನದೇ ಪೆನ್ನು. ಜನ ತುಂಬಿರುವ ಕಡೆ ಮಲಗುವುದು ನನ್ನ ಟೆಂಟ್‌ನಲ್ಲೇ.

ಒಂದು ವಸಂತದಲ್ಲಿ ಜಾರ್ಜಿಯಾದ ನೀಲ್ ಗ್ಯಾಪ್ ಎಂಬ ಕಣಿವೆದಾರಿ ದಾಟಿದ ಮೇಲೆ ನಮ್ಮ ಜೊತೆಗಿದ್ದ ಹುಡುಗನೊಬ್ಬನಿಗೆ ರಾತ್ರಿ ಇದ್ದಕ್ಕಿದ್ದ ಹಾಗೆ ವಾಂತಿ ಶುರುವಾಯಿತು. ಹಿಂದಿನ ದಿನ ಅವನು ಮಲಗಿದ್ದ ಶೆಲ್ಟರ್‌ನಲ್ಲಿ ಇನ್ನಿಬ್ಬರಿಗೆ ಇದೇ ಆಗಿತ್ತು. ನೊರೊವೈರಸ್ ಕಾಣಿಸಿಕೊಳ್ಳುವುದು 12ರಿಂದ 48 ಗಂಟೆಯೊಳಗೆ. ಜಿಯಾರ್ಡಿಯಾ ಆಗಿದ್ದರೆ ವಾರ-ಎರಡು ವಾರ ಹಿಡಿಯುತ್ತಿತ್ತು. ಹಾಗಾಗಿ ಇದು ಯಾವುದಿರಬಹುದು ಎಂದು ಊಹಿಸುವುದು ಕಷ್ಟವಾಗಲಿಲ್ಲ.

ಅವನ ಟೆಂಟನ್ನು ಉಳಿದವರಿಂದ ದೂರ, ಗಾಳಿ ನಮ್ಮ ಕಡೆ ಬೀಸದ ಜಾಗಕ್ಕೆ ಎತ್ತಿಟ್ಟೆವು. ವಾಂತಿಯ ಕಣ ಗಾಳಿಯಲ್ಲೂ ಹತ್ತಿರದವರನ್ನು ತಲುಪುತ್ತದೆ. ಟೆಂಟ್ ಪಕ್ಕದಲ್ಲೇ, ನೀರಿನಿಂದ ದೂರ, ಒಂದು ಗೇಣು ಆಳದ ಗುಂಡಿ ತೋಡಿಕೊಟ್ಟೆ. ನೋಡಿಕೊಳ್ಳಲು ನಾನೊಬ್ಬನೇ, ಬೇರೆ ಯಾರೂ ಹತ್ತಿರ ಹೋಗಲಿಲ್ಲ. ಪ್ರತಿ ಸಲ ಹೋಗಿ ಬಂದಾಗಲೂ ಕೊಂಬೆಯ ನಲ್ಲಿ, ಸೋಪು.

ಅವನು ನೀರು ಕೇಳಿ ಗಟಗಟ ಕುಡಿದ, ಎಲ್ಲ ಹೊರಗೆ ಬಂತು. ಆಮೇಲೆ ಓಆರ್‌ಎಸ್ ಕಲಸಿ, ಐದೈದು ನಿಮಿಷಕ್ಕೆ ಒಂದೊಂದು ಗುಟುಕು ಕೊಟ್ಟೆ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಭೇದಿ ನಿಲ್ಲಿಸುವ ಮಾತ್ರೆ ಒಬ್ಬರ ಬಳಿ ಇತ್ತು. ಜ್ವರವೋ ಮಲದಲ್ಲಿ ರಕ್ತವೋ ಇದ್ದರೆ ಅದನ್ನು ಕೊಡಬಾರದು. ಅವನ ಮೈ ಸ್ವಲ್ಪ ಬಿಸಿ ಇತ್ತು, ಕೊಡಲಿಲ್ಲ. ನಾನು ಕಾಯುತ್ತಿದ್ದದ್ದು ಮೂತ್ರಕ್ಕೆ. ಬೆಳಗಿನ ಜಾವ ಮೂತ್ರ ಹೋಯಿತು ಅಂದಾಗ ಸಮಾಧಾನವಾಯಿತು. ಅದಾಗದೆ ತಲೆಸುತ್ತು ಬಂದಿದ್ದರೆ ಸಹಾಯಕ್ಕೆ ಕರೆಯಲೇಬೇಕಿತ್ತು. ಮಧ್ಯಾಹ್ನ ಇನ್‌ಸ್ಟಂಟ್ ಅಕ್ಕಿಯನ್ನು ನುಣ್ಣಗೆ ಬೇಯಿಸಿ, ಉಪ್ಪು ಹಾಕಿ ಗಂಜಿ ಕೊಟ್ಟೆ. ಅದು ಹೊಟ್ಟೆಯಲ್ಲಿ ನಿಂತಿತು.

ಮಾರನೇ ದಿನ ಅವನ ಬ್ಯಾಗಿನ ಭಾರ ಹಂಚಿಕೊಂಡು ನಿಧಾನವಾಗಿ ಯೂನಿಕೋಯ್ ಗ್ಯಾಪ್‌ನ ರಸ್ತೆಗೆ ಇಳಿದೆವು. ದಾರಿಯಲ್ಲಿ ಸಿಕ್ಕವರಿಗೆಲ್ಲ ಆ ಶೆಲ್ಟರ್‌ನ ವಿಷಯ ಹೇಳಿದೆವು. ಹಾಸ್ಟೆಲ್‌ಗೆ (ನಡಿಗೆಯವರು ತಂಗುವ ಮನೆ) ಹೋಗುವ ಮೊದಲೇ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ತಿಳಿಸಿದೆ. ಮುಚ್ಚಿಟ್ಟು ಹೋಗಿ ಡಾರ್ಮಿಟರಿಯಲ್ಲಿ ಮಲಗುವುದು ದೊಡ್ಡ ಅನ್ಯಾಯ ಅನ್ನುವುದು ನನ್ನ ಅಭಿಪ್ರಾಯ. ಅವರು ಬೇರೆ ಕೋಣೆ, ಬೇರೆ ಬಚ್ಚಲು ಕೊಟ್ಟರು. ನಾನು ಲೀಟರ್ ನೀರಿಗೆ 20 ಎಂಎಲ್‌ನಷ್ಟು ಬಟ್ಟೆಯ ಬ್ಲೀಚ್ ಬೆರೆಸಿ ನಲ್ಲಿ, ಚಿಲಕ, ಫ್ಲಶ್ ಗುಂಡಿ ಒರೆಸಿ, ಐದು ನಿಮಿಷ ಹಾಗೇ ಬಿಟ್ಟೆ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದೆವು.

ಎಲ್ಲ ನಿಂತ ಮೇಲೂ ಅವನನ್ನು ಎರಡು ದಿನ ಅಲ್ಲೇ ಉಳಿಸಿಕೊಂಡೆವು. ಹುಷಾರಾದವರ ಮಲದಲ್ಲಿ ವೈರಸ್ ಎರಡು ವಾರ, ಕೆಲವರಲ್ಲಿ ಇನ್ನೂ ಜಾಸ್ತಿ ದಿನ ಇರುತ್ತದೆ. ಅದಕ್ಕೇ ಮತ್ತೆ ಹಾದಿ ಹಿಡಿದಾಗ ಅವನಿಗೆ ಅಡುಗೆ ಕೆಲಸ ಕೊಡಲಿಲ್ಲ. ಗುಂಪಿಗೆ ಟೆಂಟ್ ಹಾಕುವ, ಸೌದೆ ತರುವ ಕೆಲಸ ಅವನದಾಯಿತು.